ಯುದ್ಧಕೈದಿಗಳ ವಾಪಸಾತಿ ಮತ್ತು ಪುನರ್ವಸತಿ

ಯುದ್ಧಕೈದಿಗಳ ವಾಪಸಾತಿ ಮತ್ತು ಪುನರ್ವಸತಿಯು ಯುದ್ಧದಲ್ಲಿ ಶತ್ರುಪಕ್ಷಕ್ಕೆ ಸೆರೆಸಿಕ್ಕ ಯೋಧರನ್ನು ಸ್ವದೇಶಕ್ಕೆ ಕರೆತಂದು, ಚಿಕಿತ್ಸೆ ನೀಡಿ, ಸೇನಾಸೇವೆಗೆ ಇಲ್ಲವೆ ನಾಗರಿಕ ಜೀವನಕ್ಕೆ ಮರಳಿ ಸೇರಿಸುವ ಪ್ರಕ್ರಿಯೆ. ಇದರ ಕಾನೂನು ಆಧಾರ 1949ರ ಮೂರನೆಯ ಜಿನೀವಾ ಒಪ್ಪಂದ. ಶಿಬಿರ ಸೇರಿದ ಒಂದು ವಾರದೊಳಗೆ ಕೈದಿಯು ತನ್ನ ಬಂಧನ, ವಿಳಾಸ, ಆರೋಗ್ಯಸ್ಥಿತಿಗಳನ್ನು ಮನೆಯವರಿಗೆ ಕಾರ್ಡಿನಲ್ಲಿ ಬರೆದು ತಿಳಿಸಲು ಅವಕಾಶವಿರಬೇಕೆಂದು 70ನೆಯ ವಿಧಿಯೂ, ತೀವ್ರವಾಗಿ ಗಾಯಗೊಂಡವರನ್ನು ಯುದ್ಧ ಮುಗಿಯುವ ಮೊದಲೇ ಕಳುಹಿಸಬೇಕೆಂದು 109ನೆಯ ವಿಧಿಯೂ, ಸಕ್ರಿಯ ಕದನ ನಿಂತೊಡನೆ ಉಳಿದವರನ್ನು ವಿಳಂಬವಿಲ್ಲದೆ ಬಿಡುಗಡೆ ಮಾಡಬೇಕೆಂದು 118ನೆಯ ವಿಧಿಯೂ ಹೇಳುತ್ತವೆ. ಭಾರತವು ಈ ಒಪ್ಪಂದಗಳನ್ನು 1960ರ ಕಾಯಿದೆಯ ಮೂಲಕ ಜಾರಿಗೊಳಿಸಿತು.

ಈ ರಕ್ಷಣೆಗಳಿಗೆ ಮುಂಚೆ, ಇಂದಿನ ಮರಾಠಾ ಲಘು ಪದಾತಿದಳದ ಪೂರ್ವರೂಪವಾದ ತುಕಡಿಗಳ ಯೋಧರು 1916ರ ಏಪ್ರಿಲ್ 29ರಂದು ಮೆಸೊಪೊಟೇಮಿಯದ ಕುತ್‌ನಲ್ಲಿ ತುರ್ಕಿ ಸೇನೆಗೆ ಸೆರೆಸಿಕ್ಕರು. ಕುತ್‌ನ ಸೆರೆಯಾಳುಗಳಲ್ಲಿ ಅನೇಕರು ದೀರ್ಘ ನಡಿಗೆ, ಹಸಿವು, ರೋಗಗಳಿಂದ ಮಡಿದರು. ಈ ದಳದ ಕೇಂದ್ರ ಬೆಳಗಾವಿಯಲ್ಲಿದೆ.

ಕರ್ನಾಟಕದ ಪ್ರಮುಖ ನಿದರ್ಶನ ಕೊಡಗಿನ ಕೆ. ಸಿ. ಕಾರಿಯಪ್ಪ ಅವರದು. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರಿಯಪ್ಪನವರ ಮಗನಾದ ಇವರ ಹಂಟರ್ ವಿಮಾನವನ್ನು 1965ರ ಸೆಪ್ಟೆಂಬರ್ 22ರಂದು ಪಾಕಿಸ್ತಾನದ ಪಡೆ ಹೊಡೆದುರುಳಿಸಿತು. ಬೆನ್ನುಮೂಳೆಗೆ ಪೆಟ್ಟಾಗಿ ಸೆರೆಸಿಕ್ಕ ಇವರು 1966ರ ಜನವರಿಯಲ್ಲಿ, ಕೈದಿಗಳ ವಾಪಸಾತಿಗೆ ಒಪ್ಪಿದ ತಾಷ್ಕೆಂಟ್ ಘೋಷಣೆಯ ನಂತರ ಬಿಡುಗಡೆಯಾಗಿ, ವಾಯುಪಡೆಯ ಸೇವೆಗೆ ಮರಳಿ, ಏರ್ ಮಾರ್ಷಲ್ ಹುದ್ದೆಗೇರಿ ನಿವೃತ್ತರಾದರು.

ಸೇನೆಯಿಂದ ನಿವೃತ್ತರಾದವರ ಪುನರ್ವಸತಿಯನ್ನು ರಾಜ್ಯದಲ್ಲಿ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ ನೋಡಿಕೊಳ್ಳುತ್ತದೆ.