ಹದಿನಾರೇ ಆಟಕ್ಕೆ ಮುಚ್ಚಿದ ನಾಟಕ ಮತ್ತೆ ಬಂದಾಗ

ಹ್ಯಾರಿ ಪಾಟರ್ ಸಿನಿಮಾ ನೋಡಿದ ಮಕ್ಕಳಿಗೆಲ್ಲ ಡೇನಿಯಲ್ ರ್‍ಯಾಡ್‌ಕ್ಲಿಫ್ ಗೊತ್ತು. ಅವರು 2023ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯ ಹಡ್ಸನ್ ಥಿಯೇಟರಿನಲ್ಲಿ ವಾರಕ್ಕೆ ಎಂಟು ಆಟ ಹಾಡಿ ಅಭಿನಯಿಸುತ್ತಿದ್ದರು ಎಂಬುದು ನಿಮ್ಮಲ್ಲಿ ಕೆಲವರಿಗಾದರೂ ಹೊಸ ಸುದ್ದಿಯಾಗಿರಬಹುದು. ನಾಟಕದ ಹೆಸರು ‘ಮೆರಿಲಿ ವಿ ರೋಲ್ ಅಲಾಂಗ್’. ಇದೇ ಸಂಗೀತ ನಾಟಕ 1981ರಲ್ಲಿ ಬ್ರಾಡ್‌ವೇಗೆ ಬಂದು ಬರೀ 16 ಆಟಕ್ಕೆ ಮುಚ್ಚಿಹೋಗಿತ್ತು. ಹಾಗೆ ಮಲಗಿದ ನಾಟಕದ ಮೇಲೆ 42 ವರ್ಷ ಬಿಟ್ಟು ಮತ್ತೆ ಕೋಟಿಗಟ್ಟಲೆ ಹಣ ಹಾಕಿದವರು ಯಾವ ಧೈರ್ಯದಿಂದ ಹಾಕಿದರು? ಈ ತಿಂಗಳು ಆ ಕಥೆ, ಆ ಲೆಕ್ಕ ಎರಡನ್ನೂ ನೋಡೋಣ.

ಮೊದಲು ಕಥೆ. ಹಾಡುಗಳನ್ನು ಬರೆದು ಸಂಗೀತ ಕೊಟ್ಟವರು ಸ್ಟೀಫನ್ ಸೊಂಡ್‌ಹೈಮ್, ನಿರ್ದೇಶಕರು ಹೆರಾಲ್ಡ್ ಪ್ರಿನ್ಸ್, ಮಾತು ಬರೆದವರು ಜಾರ್ಜ್ ಫರ್ತ್. ಸೊಂಡ್‌ಹೈಮ್ ಮತ್ತು ಪ್ರಿನ್ಸ್ 1970ರಿಂದ ಜೊತೆಯಾಗಿ ಒಂದಾದ ಮೇಲೊಂದು ಹೆಸರಾಂತ ನಾಟಕ ಕೊಟ್ಟಿದ್ದ ಜೋಡಿ. ಈ ನಾಟಕದಲ್ಲಿ ಮೂವರು ಗೆಳೆಯರಿದ್ದಾರೆ: ಒಬ್ಬ ಸಂಗೀತಗಾರ, ಒಬ್ಬ ಗೀತರಚನಕಾರ, ಒಬ್ಬಳು ಲೇಖಕಿ. ವಿಶೇಷ ಏನೆಂದರೆ ಕಥೆ ಹಿಂದುಹಿಂದಕ್ಕೆ ಹೋಗುತ್ತದೆ. ಮೊದಲ ದೃಶ್ಯದಲ್ಲಿ ನಡುವಯಸ್ಸಿನ ಗೆಳೆಯರ ನಡುವೆ ಸ್ನೇಹ ಮುರಿದುಬಿದ್ದಿರುತ್ತದೆ. ಕೊನೆಯ ದೃಶ್ಯದಲ್ಲಿ, ಅಂದರೆ 1957ರಲ್ಲಿ, ಇನ್ನೂ ಹುಡುಗರಾಗಿರುವ ಅವರು ಮಾಳಿಗೆಯ ಮೇಲೆ ನಿಂತು ಆಕಾಶದಲ್ಲಿ ಸ್ಪುಟ್ನಿಕ್ ಉಪಗ್ರಹವನ್ನು ಹುಡುಕುತ್ತಿರುತ್ತಾರೆ. ಮುಂದೆ ಏನಾಗುತ್ತದೆಂದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ.

1981ರಲ್ಲಿ ಪ್ರಿನ್ಸ್ ಹದಿಹರೆಯದ, ಇಪ್ಪತ್ತರ ಆಸುಪಾಸಿನ ಹೊಸ ಮುಖಗಳನ್ನೇ ಆರಿಸಿಕೊಂಡರು. ಅವರು ನಡುವಯಸ್ಸಿನವರ ಪಾತ್ರ ಮಾಡಿದಾಗ ಯಾರು ಯಾರೆಂದು ಪ್ರೇಕ್ಷಕರಿಗೆ ತಿಳಿಯದಾಯಿತು. ಕೊನೆಗೆ ಪಾತ್ರದ ಹೆಸರು ಬರೆದ ಸ್ವೆಟ್‌ಶರ್ಟ್ ತೊಡಿಸಬೇಕಾಯಿತು! ಆದರೂ ಜನ ಮಧ್ಯದಲ್ಲೇ ಎದ್ದು ಹೋದರು. ನವೆಂಬರ್ 16ಕ್ಕೆ ಆರಂಭವಾದದ್ದು ನವೆಂಬರ್ 28ಕ್ಕೆ ಮುಗಿಯಿತು. ಸ್ನೇಹ ಮುರಿಯುವ ಕಥೆಯ ನಾಟಕ ಅದನ್ನು ಕಟ್ಟಿದವರ ಜೋಡಿಯನ್ನೂ ಮುರಿಯಿತು. ಸೊಂಡ್‌ಹೈಮ್ ಮತ್ತು ಪ್ರಿನ್ಸ್ ಮತ್ತೊಂದು ಹೊಸ ನಾಟಕಕ್ಕೆ ಕೈಜೋಡಿಸಿದ್ದು ಎರಡು ದಶಕಗಳ ನಂತರ, 2003ರಲ್ಲಿ.

ಆದರೆ ಮುಚ್ಚಿದ ಮರುದಿನವೇ ಆ ಹುಡುಗ ಹುಡುಗಿಯರೆಲ್ಲ ಸ್ಟುಡಿಯೋಗೆ ಹೋಗಿ ಹಾಡುಗಳನ್ನು ಧ್ವನಿಮುದ್ರಿಸಿದರು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇಲ್ಲಿದೆ. ನಾಟಕ ನೋಡದ ಸಾವಿರಾರು ಜನ ಆ ತಟ್ಟೆಯಿಂದ ಹಾಡು ಕಲಿತರು. ಬರೆದವರು ನಾಟಕವನ್ನು ಮತ್ತೆ ಮತ್ತೆ ತಿದ್ದಿದರು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿ 1992ರಲ್ಲಿ ಲೇಖಕಿಯ ಪಾತ್ರ ಮಾಡಿದ್ದ ಮರಿಯಾ ಫ್ರೀಡ್‌ಮನ್ 2012ರಲ್ಲಿ ಲಂಡನ್ನಿನ ಪುಟ್ಟ ರಂಗಮಂದಿರವೊಂದರಲ್ಲಿ ತಾವೇ ಅದನ್ನು ನಿರ್ದೇಶಿಸಿದರು. ಅದೇ ಪ್ರಯೋಗ 2022ರ ಕೊನೆಯಲ್ಲಿ ನ್ಯೂಯಾರ್ಕ್ ಥಿಯೇಟರ್ ವರ್ಕ್‌ಶಾಪ್ ಎಂಬ ಸಣ್ಣ ಮಂದಿರಕ್ಕೆ ರ್‍ಯಾಡ್‌ಕ್ಲಿಫ್, ಜೊನಾಥನ್ ಗ್ರಾಫ್ ಮತ್ತು ಲಿಂಡ್ಸೆ ಮೆಂಡೆಜ್ ಅವರೊಂದಿಗೆ ಬಂತು. ಟಿಕೆಟ್ ಸಿಗದೆ ಜನ ಪರದಾಡಿದರು. ಬ್ರಾಡ್‌ವೇಗೆ ಹೋಗುವ ಮೊದಲೇ ಬೇಡಿಕೆ ಎಷ್ಟಿದೆ ಎಂದು ನಿರ್ಮಾಪಕರಿಗೆ ಗೊತ್ತಾಗಿದ್ದು ಹೀಗೆ.

ಈಗ ಲೆಕ್ಕ. ಮಕ್ಕಳೇ, ಪೆನ್ಸಿಲ್ ತೆಗೆದುಕೊಳ್ಳಿ. ಬ್ರಾಡ್‌ವೇಯಲ್ಲಿ ಸಾಮಾನ್ಯವಾಗಿ ಟಿಕೆಟ್ ಮಾರಾಟವಾಗುವಷ್ಟು ಕಾಲ ನಾಟಕ ನಡೆಯುತ್ತದೆ. 1996ರಲ್ಲಿ ಮರಳಿ ಬಂದ ‘ಷಿಕಾಗೊ’ ಕಾಲು ಶತಮಾನ ದಾಟಿದರೂ ನಿಂತಿಲ್ಲ. ‘ಮೆರಿಲಿ’ಯದು ಸೀಮಿತ ಅವಧಿ: ಬರೀ 18 ವಾರ ಎಂದು ಮೊದಲೇ ಸಾರಿದ್ದರು. ಹಾಕಿದ ಬಂಡವಾಳ ಸುಮಾರು 1 ಕೋಟಿ 20 ಲಕ್ಷ ಡಾಲರ್. ಹಡ್ಸನ್‌ನಲ್ಲಿ ಸುಮಾರು 970 ಆಸನ, ವಾರಕ್ಕೆ 8 ಆಟ. 18 ವಾರಕ್ಕೆ ಎಷ್ಟು ಟಿಕೆಟ್? ಹತ್ತಿರ ಹತ್ತಿರ 1,40,000. ಅಷ್ಟೂ ಮಾರಾಟವಾದರೂ ಬಂಡವಾಳ ಮರಳಬೇಕಾದರೆ, ಮಂದಿರದ ಬಾಡಿಗೆ, ಸಂಬಳ, ಜಾಹೀರಾತು ಎಲ್ಲ ಕಳೆದು ಪ್ರತಿ ಟಿಕೆಟ್ಟಿನಲ್ಲೂ ಸುಮಾರು 86 ಡಾಲರ್ ಉಳಿಯಬೇಕು. ನಾಲ್ಕು ಜನರ ಸಂಸಾರವೊಂದು ಬ್ರಾಡ್‌ವೇ ಟಿಕೆಟ್ ಬೆಲೆ ನೋಡಿ ಯಾಕೆ ಬೆಚ್ಚಿಬೀಳುತ್ತದೆ ಎಂದು ಈಗ ತಿಳಿಯಿತಲ್ಲ?

ಹಾಗಾದರೆ ಸೀಮಿತ ಅವಧಿ ಏಕೆ? ಸಿನಿಮಾ ತಾರೆ ಎರಡು ವರ್ಷ ಒಂದೇ ರಂಗಕ್ಕೆ ಕಟ್ಟುಬೀಳುವುದು ಕಷ್ಟ, ನಾಲ್ಕೈದು ತಿಂಗಳಿಗೆ ಒಪ್ಪುತ್ತಾರೆ. ‘ಮುಂದಿನ ವರ್ಷ ನೋಡಿದರಾಯಿತು’ ಎನ್ನುವ ಪ್ರೇಕ್ಷಕರೂ ಈಗಲೇ ಓಡಿಬರುತ್ತಾರೆ. ಅಪಾಯವೂ ಅಲ್ಲೇ ಇದೆ. ಮೊದಲ ತಿಂಗಳು ಮಂಕಾದರೆ ಸುಧಾರಿಸಿಕೊಳ್ಳಲು ದಿನಗಳೇ ಉಳಿದಿರುವುದಿಲ್ಲ.

‘ಮೆರಿಲಿ’ ಮಂಕಾಗಲಿಲ್ಲ. ಅವಧಿಯನ್ನು ಎರಡು ಸಲ ಮುಂದಕ್ಕೆ ಹಾಕಿದರು, 2024ರ ಮಾರ್ಚ್ ಹೊತ್ತಿಗೆ ಅಸಲು ಕೈಸೇರಿತು. ಅದೇ ಋತುವಿನಲ್ಲಿ ಮರಳಿ ಬಂದ ‘ಕ್ಯಾಬರೆ’ಯ ಬಂಡವಾಳ ಸುಮಾರು 2 ಕೋಟಿ 60 ಲಕ್ಷ ಡಾಲರ್. ಅದಕ್ಕಾಗಿ ಮಂದಿರದ ಒಳಾಂಗಣವನ್ನೇ ಬದಲಿಸಿದ್ದರು. ಅದರಲ್ಲೂ ಮಕ್ಕಳಿಗೆ ಗೊತ್ತಿರುವ ಎಡ್ಡಿ ರೆಡ್‌ಮೇನ್ ಇದ್ದರು, ‘ಫೆಂಟಾಸ್ಟಿಕ್ ಬೀಸ್ಟ್ಸ್’ನ ನ್ಯೂಟ್! ಅವರು ಐದಾರು ತಿಂಗಳಿಗೆ ಹೊರಟರು, ನಾಟಕ ಬೇರೆ ತಾರೆಯರೊಂದಿಗೆ ಮುಂದುವರಿಯಿತು. 2025ರ ಸೆಪ್ಟೆಂಬರ್‌ನಲ್ಲಿ ಅಸಲು ಬರದೆಯೇ ಮುಚ್ಚಿತು. ಕಾರಣ ಒಂದೇ ಅಲ್ಲ. ಆದರೂ ಸಣ್ಣ ಮೊತ್ತ, ಮೊದಲೇ ಪರೀಕ್ಷಿಸಿದ ಪ್ರಯೋಗ, ಬದಲಾಗದ ಮೂವರು ನಟರು ಇವೆಲ್ಲ ‘ಮೆರಿಲಿ’ಯ ಪಾಲಿಗೆ ಬಲವಾದವು ಎಂದೇ ನನಗನ್ನಿಸುತ್ತದೆ.

2024ರಲ್ಲಿ ‘ಮೆರಿಲಿ’ಗೆ ನಾಲ್ಕು ಟೋನಿ ಪ್ರಶಸ್ತಿ ಬಂದವು, ಅದರಲ್ಲೊಂದು ರ್‍ಯಾಡ್‌ಕ್ಲಿಫ್‌ಗೆ. ಇನ್ನೊಂದು 86 ವರ್ಷದ ಜೊನಾಥನ್ ಟ್ಯೂನಿಕ್ ಅವರಿಗೆ. 1981ರಲ್ಲೂ ಈ ಹಾಡುಗಳಿಗೆ ವಾದ್ಯಸಂಯೋಜನೆ ಮಾಡಿದ್ದವರು ಅವರೇ. ಫರ್ತ್ 2008ರಲ್ಲಿ, ಪ್ರಿನ್ಸ್ 2019ರಲ್ಲಿ, ಸೊಂಡ್‌ಹೈಮ್ 2021ರಲ್ಲಿ ತೀರಿಕೊಂಡಿದ್ದರು. ತಮ್ಮ ನಾಟಕ ಬ್ರಾಡ್‌ವೇಯಲ್ಲಿ ಗೆದ್ದದ್ದನ್ನು ಮೂವರೂ ನೋಡಲಿಲ್ಲ.

ಜುಲೈ 7ಕ್ಕೆ ನಾಟಕ ನಿಂತಿತು. ಅದಕ್ಕೆ ಮೊದಲು ಮಂದಿರದಲ್ಲೇ ಕ್ಯಾಮೆರಾ ಇಟ್ಟು ಚಿತ್ರೀಕರಿಸಿದರು, ಆ ಚಿತ್ರ 2025ರ ಡಿಸೆಂಬರ್‌ನಲ್ಲಿ ತೆರೆಗೆ ಬಂತು. ಹೈಸ್ಕೂಲ್ ಮಕ್ಕಳಿರುವ ಮನೆಯವರು ಜೊತೆಗೆ ಕೂತು ನೋಡಬಹುದು. ಚಿಕ್ಕ ಮಕ್ಕಳಿಗೆ ಸ್ವಲ್ಪ ಭಾರವೇ.