ಜರ್ಮನ್ ಶ್ರಾವಿಕೆ ಡಾ. ಶಾರ್ಲೊಟೆ ಕ್ರೌಸೆ (ಸುಭದ್ರಾದೇವಿ)

ಜನನ: 18 ಮೇ 1895, ಹಾಲೆ ನಗರ, ಜರ್ಮನಿ
ನಿಧನ: 27 ಜನವರಿ 1980, ಗ್ವಾಲಿಯರ್, ಮಧ್ಯಪ್ರದೇಶ

ಇಂದು ನಮ್ಮ ಸಮಾಜದ ಎಷ್ಟೋ ಮನೆಗಳ ಹೆಣ್ಣುಮಕ್ಕಳು ಓದು, ಉದ್ಯೋಗಕ್ಕಾಗಿ ಅಮೆರಿಕ, ಯುರೋಪಿಗೆ ಹೋಗಿ ನೆಲೆಸಿದ್ದಾರೆ. ಆದರೆ ನೂರು ವರ್ಷಗಳ ಹಿಂದೆ ಯುರೋಪಿನಿಂದ ಭಾರತಕ್ಕೆ ಬಂದು, ಶ್ರಾವಿಕಾ ವ್ರತ ಸ್ವೀಕರಿಸಿ, ಇಲ್ಲಿಯೇ ಬಾಳಿದ ಒಬ್ಬ ವಿದುಷಿ ಇದ್ದರು. ಅವರೇ ಡಾ. ಶಾರ್ಲೊಟೆ ಕ್ರೌಸೆ. ಜೈನ ಸಮಾಜ ಅವರನ್ನು ಸುಭದ್ರಾದೇವಿ ಎಂಬ ಹೆಸರಿನಿಂದ ಗೌರವಿಸಿತು. ಕರ್ನಾಟಕದ ಜೈನ ಕುಟುಂಬಗಳಲ್ಲಿ ಇವರ ಹೆಸರು ಕೇಳಿದವರು ಕಡಿಮೆ. ಇವರ ಒಡನಾಟ ಶ್ವೇತಾಂಬರ ಮುನಿಗಳೊಂದಿಗೆ ಇದ್ದುದೂ, ಕಾರ್ಯಕ್ಷೇತ್ರ ಉತ್ತರ ಭಾರತವಾಗಿದ್ದುದೂ ಇದಕ್ಕೆ ಕಾರಣವಿರಬಹುದು.

ಜರ್ಮನಿ ಮತ್ತು ಜೈನ ಅಧ್ಯಯನ

ಕ್ರೌಸೆ ಹುಟ್ಟುವ ಮೊದಲೇ ಜರ್ಮನಿಯಲ್ಲಿ ಜೈನ ಅಧ್ಯಯನ ಆರಂಭವಾಗಿತ್ತು. ಹರ್ಮನ್ ಯಾಕೋಬಿಯವರು 1873-74ರಲ್ಲಿ ಭಾರತಕ್ಕೆ ಬಂದು ರಾಜಸ್ಥಾನದ ಹಸ್ತಪ್ರತಿ ಭಂಡಾರಗಳನ್ನು ನೋಡಿದ್ದರು. ಅವರು ಮಾಡಿದ ಆಚಾರಾಂಗ ಮತ್ತು ಕಲ್ಪಸೂತ್ರಗಳ ಇಂಗ್ಲಿಷ್ ಅನುವಾದ 1884ರಲ್ಲಿ ಪ್ರಕಟವಾಯಿತು. ಉತ್ತರಾಧ್ಯಯನ ಮತ್ತು ಸೂತ್ರಕೃತಾಂಗಗಳ ಅನುವಾದ 1895ರಲ್ಲಿ, ಅಂದರೆ ಕ್ರೌಸೆ ಹುಟ್ಟಿದ ವರ್ಷವೇ ಹೊರಬಂತು.

ಶಾರ್ಲೊಟೆ ಅವರು ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಯೊಹಾನೆಸ್ ಹೆರ್ಟೆಲ್ ಅವರ ಶಿಷ್ಯೆ. ಹೆರ್ಟೆಲ್ ಪಂಚತಂತ್ರದ ಸಂಶೋಧಕರು. ಪಂಚತಂತ್ರದ ಪಾಠಗಳನ್ನು ಹುಡುಕುತ್ತಾ ಹೋದ ಅವರಿಗೆ ಜೈನ ಮುನಿಗಳು ಉಳಿಸಿಕೊಟ್ಟ ಕಥಾಸಾಹಿತ್ಯದ ವಿಸ್ತಾರ ತಿಳಿಯಿತು. ಗುರುಗಳ ದಾರಿಯಲ್ಲೇ ನಡೆದ ಕ್ರೌಸೆ, ನಚಿಕೇತನ ಕಥೆಯ ಹಳೆಯ ರಾಜಸ್ಥಾನಿ ರೂಪವಾದ ‘ನಾಸಕೇತರೀ ಕಥಾ’ವನ್ನು ವ್ಯಾಕರಣ ವಿವರಗಳೊಂದಿಗೆ ಸಂಪಾದಿಸಿದರು. ಡಾಕ್ಟರೇಟ್ ಪಡೆದು ಅದೇ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳುವ ಅರ್ಹತೆಯನ್ನೂ ಗಳಿಸಿದರು. ಆ ಕಾಲದ ಜರ್ಮನಿಯಲ್ಲಿ ಒಬ್ಬ ಹೆಣ್ಣುಮಗಳಿಗೆ ಇದು ಸುಲಭವಾಗಿ ಸಿಗುವ ಸ್ಥಾನವಾಗಿರಲಿಲ್ಲ.

ಭಾರತಕ್ಕೆ ಆಗಮನ

1925ರಲ್ಲಿ, ಮೂವತ್ತನೆಯ ವಯಸ್ಸಿನಲ್ಲಿ, ಜೈನ ಸಾಹಿತ್ಯ ಮತ್ತು ಜೈನ ಜೀವನವನ್ನು ಕಣ್ಣಾರೆ ಕಂಡು ಅಭ್ಯಾಸ ಮಾಡಲು ಅವರು ಭಾರತಕ್ಕೆ ಬಂದರು. ಅವರಿಗೆ ದಾರಿ ತೋರಿದ್ದು ಆಚಾರ್ಯ ವಿಜಯಧರ್ಮಸೂರಿಯವರ ಶಿಷ್ಯ ಪರಂಪರೆ. ಸೌರಾಷ್ಟ್ರದ ಮಹುವಾದಲ್ಲಿ ಹುಟ್ಟಿದ ಈ ಆಚಾರ್ಯರು ಕಾಶಿಯಲ್ಲಿ ಜೈನ ಪಾಠಶಾಲೆ ಸ್ಥಾಪಿಸಿದವರು. ‘ಶಾಸ್ತ್ರ ಭಂಡಾರದೊಳಗೇ ಇರಲಿ’ ಎನ್ನುವವರು ಬಹಳಿದ್ದ ಆ ದಿನಗಳಲ್ಲಿ ಪಾಶ್ಚಾತ್ಯ ವಿದ್ವಾಂಸರಿಗೆ ಹಸ್ತಪ್ರತಿಗಳನ್ನು ಒದಗಿಸಿಕೊಟ್ಟವರು. 1922ರಲ್ಲಿ ಅವರು ಗ್ವಾಲಿಯರ್ ಸಂಸ್ಥಾನದ ಶಿವಪುರಿಯಲ್ಲಿ ಕಾಲವಾದರು. ಹಾಗಾಗಿ ಕ್ರೌಸೆ ಅವರಿಗೆ ಆಚಾರ್ಯರ ದರ್ಶನವಾಗಲಿಲ್ಲ. ಅವರ ಶಿಷ್ಯರಾದ ವಿಜಯೇಂದ್ರಸೂರಿ ಮತ್ತು ಮುನಿ ವಿದ್ಯಾವಿಜಯರ ಸಂಪರ್ಕದಲ್ಲಿ ಅಧ್ಯಯನ ಮುಂದುವರಿಯಿತು.

ಶ್ರಾವಿಕೆಯಾದುದು

ಸಂಶೋಧನೆಗೆಂದು ಬಂದವರು ಕೆಲವೇ ವರ್ಷಗಳಲ್ಲಿ ಶ್ರಾವಿಕಾ ವ್ರತ ಸ್ವೀಕರಿಸಿದರು. ಐದು ಅಣುವ್ರತ, ಮೂರು ಗುಣವ್ರತ, ನಾಲ್ಕು ಶಿಕ್ಷಾವ್ರತ ಎಂಬ ಹನ್ನೆರಡು ವ್ರತಗಳ ಚೌಕಟ್ಟು ದಿಗಂಬರ, ಶ್ವೇತಾಂಬರ ಎರಡೂ ಪರಂಪರೆಗಳಿಗೆ ಸಮಾನ. ವಿವರಗಳಲ್ಲಿ ಮಾತ್ರ ಅಲ್ಪಸ್ವಲ್ಪ ವ್ಯತ್ಯಾಸವಿದೆ. ಹುಟ್ಟಿನಿಂದ ಜೈನರಾದ ನಾವು ಬಾಲ್ಯದಲ್ಲೇ ಕೇಳಿ ಮರೆಯುವ ಈ ವ್ರತಗಳನ್ನು ಅವರು ಗ್ರಂಥ ಓದಿ, ವಿಚಾರ ಮಾಡಿ, ಒಪ್ಪಿ ತೆಗೆದುಕೊಂಡರು.

ಸುಭದ್ರಾ ಎಂಬ ಹೆಸರಿಗೂ ಅರ್ಥವಿದೆ. ಶ್ವೇತಾಂಬರ ಪರಂಪರೆಯ ಹದಿನಾರು ಮಹಾಸತಿಯರಲ್ಲಿ ಸುಭದ್ರಾ ಒಬ್ಬಳು. ಜರಡಿಯಲ್ಲಿ ಬಾವಿಯ ನೀರು ಸೇದಿ ಚಂಪಾನಗರಿಯ ಮುಚ್ಚಿದ ಬಾಗಿಲುಗಳನ್ನು ತೆರೆದಳೆಂಬ ಕಥೆ ಪ್ರಸಿದ್ಧ. ಬೇರೆ ನಂಬಿಕೆಯ ಮನೆಗೆ ಸೊಸೆಯಾಗಿ ಹೋಗಿಯೂ ತನ್ನ ಧರ್ಮ ಬಿಡದವಳು ಆಕೆ. ಪರದೇಶದಿಂದ ಬಂದ ಶ್ರಾವಿಕೆಗೆ ಈ ಹೆಸರು ಒಪ್ಪುವಂಥದೇ.

ವೃತ್ತಿ ಮತ್ತು ಗ್ರಂಥಗಳು

ಅವರು ಸಂಸ್ಕೃತ, ಪ್ರಾಕೃತಗಳಷ್ಟೇ ಅಲ್ಲದೆ ಗುಜರಾತಿ, ಹಿಂದಿಗಳಲ್ಲೂ ಬರೆಯಬಲ್ಲವರಾದರು. ಜೈನ ಆಚಾರಧರ್ಮ ಕುರಿತ ಅವರ ಇಂಗ್ಲಿಷ್ ಉಪನ್ಯಾಸಗಳು 1930ರ ಆಸುಪಾಸಿನಲ್ಲಿ ಪುಸ್ತಿಕೆಗಳಾಗಿ ಬಂದವು. ಅಂದಿನ ಜೈನ ಸಮಾಜದ ಸ್ಥಿತಿಗತಿ ಕುರಿತೂ ಲೇಖನ ಬರೆದರು. ಹಳೆಯ ತಾಳೆಗರಿಯ ಜೈನರನ್ನಷ್ಟೇ ಅಲ್ಲ, ಪಕ್ಕದ ಬೀದಿಯ ಜೈನರನ್ನೂ ಅವರು ಗಮನಿಸಿದ್ದರು.

ಮುಂದೆ ಗ್ವಾಲಿಯರ್ ಸಂಸ್ಥಾನದ ಸೇವೆಗೆ ಸೇರಿ, ಉಜ್ಜಯಿನಿಯ ಸಿಂಧಿಯಾ ಪ್ರಾಚ್ಯ ಸಂಶೋಧನ ಸಂಸ್ಥೆಯಲ್ಲಿ ಹಸ್ತಪ್ರತಿಗಳ ನಡುವೆ ಕೆಲಸ ಮಾಡಿದರು. ಸಿದ್ಧಸೇನ ದಿವಾಕರ ಮತ್ತು ವಿಕ್ರಮಾದಿತ್ಯರ ಕುರಿತ ಅವರ ಪ್ರಬಂಧ 1948ರ ‘ವಿಕ್ರಮ’ ಸಂಪುಟದಲ್ಲಿದೆ. ನಮ್ಮ ಬಸದಿಗಳಲ್ಲಿ ಹೇಳುವ ಕಲ್ಯಾಣಮಂದಿರ ಸ್ತೋತ್ರಕ್ಕೂ ಈ ವಿಷಯಕ್ಕೂ ನಂಟಿದೆ. ದಿಗಂಬರರು ಅದನ್ನು ಕುಮುದಚಂದ್ರರ ಕೃತಿ ಎನ್ನುತ್ತಾರೆ. ಶ್ವೇತಾಂಬರರು ಕುಮುದಚಂದ್ರ ಎಂಬುದು ಸಿದ್ಧಸೇನರದೇ ಇನ್ನೊಂದು ಹೆಸರೆಂದು ಹೇಳಿ, ಸ್ತೋತ್ರ ಹುಟ್ಟಿದ್ದು ಉಜ್ಜಯಿನಿಯಲ್ಲಿ ಎನ್ನುತ್ತಾರೆ.

ಹಸ್ತಪ್ರತಿಗಳಿಂದ ಹೊರತೆಗೆದು ಸಂಪಾದಿಸಿದ ಪ್ರಾಚೀನ ಜೈನ ಸ್ತವನಗಳ ಸಂಪುಟ 1952ರಲ್ಲಿ ಉಜ್ಜಯಿನಿಯಿಂದ ಪ್ರಕಟವಾಯಿತು. ಭಕ್ತರು ಹಾಡಿ ಬಿಟ್ಟ ಸ್ತವನಗಳಲ್ಲಿ ಊರು, ತೀರ್ಥ, ಆಚಾರ್ಯರ ಇತಿಹಾಸ ಅಡಗಿದೆ ಎಂಬುದನ್ನು ಈ ಕೃತಿ ತೋರಿಸುತ್ತದೆ.

ಕುಟುಂಬ ಯಾವುದು?

1939ರಲ್ಲಿ ಎರಡನೇ ಮಹಾಯುದ್ಧ ಆರಂಭವಾದಾಗ ಬ್ರಿಟಿಷ್ ಆಡಳಿತದ ಕಣ್ಣಿಗೆ ಜರ್ಮನರು ಶತ್ರುದೇಶದವರಾದರು. ಸುಭದ್ರಾದೇವಿ ಭಾರತ ಬಿಡಲಿಲ್ಲ. ಸ್ವಾತಂತ್ರ್ಯ ಬಂತು, ಸಂಸ್ಥಾನ ಹೋಯಿತು; ಆಗಲೂ ಅವರು ಇಲ್ಲಿಯೇ ಇದ್ದರು. ಐವತ್ತಕ್ಕೂ ಹೆಚ್ಚು ವರ್ಷ ಈ ನೆಲದಲ್ಲಿ ಬಾಳಿ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ಗ್ವಾಲಿಯರ್‌ನಲ್ಲಿ ಕಣ್ಣು ಮುಚ್ಚಿದರು. ಅವರ ಜೀವನ ಮತ್ತು ಬರಹಗಳ ಸಂಪುಟವನ್ನು ವಾರಾಣಸಿಯ ಪಾರ್ಶ್ವನಾಥ ವಿದ್ಯಾಪೀಠ ಪ್ರಕಟಿಸಿದ್ದು 1999ರಲ್ಲಿ, ಅವರು ತೀರಿಕೊಂಡು ಹತ್ತೊಂಬತ್ತು ವರ್ಷಗಳಾದ ಮೇಲೆ.

ತವರನ್ನು ಬಿಟ್ಟು ಬಂದವರಿಗೆ ಸಂಘವೇ ಕುಟುಂಬ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮ್ಯಗ್ದರ್ಶನದ ಎಂಟು ಅಂಗಗಳನ್ನು ಹೇಳುವಾಗ ಸ್ಥಿತೀಕರಣ, ವಾತ್ಸಲ್ಯಗಳನ್ನು ಸೇರಿಸಿದ್ದಾರೆ. ಧರ್ಮದಲ್ಲಿ ಅಲುಗಾಡುವವರನ್ನು ನಿಲ್ಲಿಸುವುದು ಸ್ಥಿತೀಕರಣ. ಸಹಧರ್ಮಿಗಳನ್ನು ಕಪಟವಿಲ್ಲದೆ ಪ್ರೀತಿಸಿ ಆದರಿಸುವುದು ವಾತ್ಸಲ್ಯ. ಇದರಲ್ಲಿ ಹುಟ್ಟಿದ ಊರು, ಜಾತಿ, ಬಣ್ಣಗಳ ಷರತ್ತಿಲ್ಲ. ಹೊರಗಿನಿಂದ ಬಂದವರನ್ನು ಸನ್ಮಾನದ ದಿನ ಶಾಲು ಹೊದಿಸಿ ಕಳಿಸಿದರೆ ವಾತ್ಸಲ್ಯ ಮುಗಿಯುವುದಿಲ್ಲ. ಅವರ ಕಾಯಿಲೆಯಲ್ಲಿ, ಮುಪ್ಪಿನಲ್ಲಿ ಬಾಗಿಲು ತಟ್ಟಿ ವಿಚಾರಿಸಬೇಕು. ಅವರ ಪುಸ್ತಕ, ಪತ್ರ, ಟಿಪ್ಪಣಿಗಳನ್ನು ಅವರು ಇರುವಾಗಲೇ ಜೋಪಾನ ಮಾಡಬೇಕು.

ಮದುವೆಯಾಗಿ ಬೇರೆ ಧರ್ಮದಿಂದ ಬಂದ ಸೊಸೆಯಂದಿರು, ಜೈನಧರ್ಮ ಓದಲು ಬರುವ ವಿದೇಶಿ ವಿದ್ಯಾರ್ಥಿಗಳು ಈಗ ನಮ್ಮ ಊರುಗಳಲ್ಲೂ ಇದ್ದಾರೆ. ‘ಇವರು ಹುಟ್ಟಿನಿಂದ ನಮ್ಮವರಲ್ಲ’ ಎಂಬ ಮಾತು ಬಾಯಿಗೆ ಬಂದಾಗ ಸುಭದ್ರಾದೇವಿಯವರನ್ನು ನೆನೆಯುವುದು ಒಳ್ಳೆಯದು. ಜನವರಿ 27 ಅವರ ಪುಣ್ಯತಿಥಿ. ಅಂದು ಪಾಠಶಾಲೆಯ ಮಕ್ಕಳಿಗೆ ಅವರ ಕಥೆ ಹೇಳಿ, ಹನ್ನೆರಡು ವ್ರತಗಳ ಹೆಸರನ್ನಾದರೂ ಕಲಿಸಿದರೆ ಅದೇ ಅವರಿಗೆ ಸಲ್ಲುವ ಗೌರವ.