ಸೈಕ್ಲೋಸ್ಪೊರಿನ್

ಸೈಕ್ಲೋಸ್ಪೊರಿನ್ ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಒಂದು ಔಷಧಿ. ಮೂತ್ರಪಿಂಡ, ಯಕೃತ್ತು, ಹೃದಯ ಮೊದಲಾದವುಗಳ ಕಸಿಯ ನಂತರ ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ಇದನ್ನು ಕೊಡಲಾಗುತ್ತದೆ. ಟಾಲಿಪೊಕ್ಲಾಡಿಯಮ್ ಇನ್‌ಫ್ಲೇಟಮ್ ಎಂಬ ಶಿಲೀಂಧ್ರ ಇದರ ಮೂಲ. 1970ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಸ್ಯಾಂಡೋಜ್ ಸಂಸ್ಥೆಯ ವಿಜ್ಞಾನಿಗಳು ಇದರ ಗುಣವನ್ನು ಗುರುತಿಸಿದರು. 1983ರಲ್ಲಿ ಅಮೆರಿಕದಲ್ಲಿ ಇದರ ಬಳಕೆಗೆ ಅನುಮತಿ ದೊರೆಯಿತು.

ಕಾರ್ಯವಿಧಾನ

ಇದು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆಯುತ್ತದೆ. ಇದರಿಂದ ಇಂಟರ್‌ಲ್ಯೂಕಿನ್-2ರ ಉತ್ಪಾದನೆ ಕುಗ್ಗಿ, ಕಸಿ ಮಾಡಿದ ಅಂಗದ ಮೇಲೆ ದಾಳಿ ಮಾಡುವ ಟಿ-ಜೀವಕೋಶಗಳು ವೃದ್ಧಿಯಾಗುವುದಿಲ್ಲ.

ಶುಶ್ರೂಷೆ

ಕಸಿ ಮಾಡಿದ ಮೂತ್ರಪಿಂಡವನ್ನು ಕಾಪಾಡುವ ಈ ಔಷಧಿಯೇ ಪ್ರಮಾಣ ಮೀರಿದರೆ ಅದಕ್ಕೆ ಹಾನಿ ಮಾಡಬಲ್ಲದು. ಆದುದರಿಂದ ದಾದಿಯರು ರಕ್ತದೊತ್ತಡ, ಮೂತ್ರದ ಪ್ರಮಾಣ ಹಾಗೂ ಕ್ರಿಯಾಟಿನಿನ್ ಮಟ್ಟವನ್ನು ಗಮನಿಸುತ್ತಾರೆ. ಔಷಧಿಯ ಮಟ್ಟವನ್ನು ಅಳೆಯಲು ಸಾಮಾನ್ಯವಾಗಿ ಬೆಳಗಿನ ಮಾತ್ರೆಗೆ ಮುನ್ನ ರಕ್ತ ತೆಗೆಯಲಾಗುತ್ತದೆ. ಮೊದಲೇ ಮಾತ್ರೆ ನುಂಗಿದರೆ ಫಲಿತಾಂಶ ತಪ್ಪಾಗುತ್ತದೆ.

ರೋಗಿಗೆ ತಿಳಿವಳಿಕೆ

* ಸಾಮಾನ್ಯವಾಗಿ 12 ಗಂಟೆಗಳ ಅಂತರದಲ್ಲಿ, ದಿನವೂ ಅದೇ ಹೊತ್ತಿಗೆ ಸೇವಿಸಬೇಕು.
* ಗ್ರೇಪ್‌ಫ್ರೂಟ್ ಮತ್ತು ಚಕ್ಕೋತ ಹಣ್ಣುಗಳು ರಕ್ತದಲ್ಲಿ ಔಷಧಿಯ ಮಟ್ಟವನ್ನು ಏರಿಸಬಲ್ಲವು, ಅವು ವರ್ಜ್ಯ.
* ವೈದ್ಯರನ್ನು ಕೇಳದೆ ಔಷಧಿಯ ತಯಾರಿಕೆಯನ್ನು ಬದಲಿಸಬಾರದು, ನೋವಿನ ಮಾತ್ರೆಗಳನ್ನು ಸೇವಿಸಬಾರದು.
* ಜೀವಂತ ರೋಗಾಣುಗಳಿರುವ ಲಸಿಕೆಗಳನ್ನು ಹಾಕಿಸಿಕೊಳ್ಳಬಾರದು.
* ಒಸಡು ಊದಿಕೊಳ್ಳಬಹುದಾದ್ದರಿಂದ ಹಲ್ಲುಗಳ ಶುಚಿತ್ವ ಅಗತ್ಯ.
* ಸೋಂಕಿನ ಲಕ್ಷಣಗಳು ಮರೆಯಾಗಿರಬಹುದು. ಸಣ್ಣ ಜ್ವರವನ್ನೂ ಕೂಡಲೇ ತಿಳಿಸಬೇಕು.

ಆರೋಗ್ಯ ಸುಧಾರಿಸಿತೆಂದು ರೋಗಿ ತಾನಾಗಿ ಔಷಧಿ ನಿಲ್ಲಿಸುವುದು ಅತ್ಯಂತ ಅಪಾಯಕರ. ಆರಂಭದಲ್ಲಿ ಯಾವ ನೋವೂ ಇಲ್ಲದೆಯೇ ಅಂಗದ ತಿರಸ್ಕಾರ ನಡೆಯಬಹುದು.